ಜೋಡಿ ಓದು

ಜನವರಿ 9, ಬೆಳಿಗ್ಗೆ

ಉಪ್ಪು ಹಾಕಿದ ಬಿಸಿನೀರಿನಲ್ಲಿ ಮೂರು ಸಲ ಗಂಟಲು ಮುಕ್ಕಳಿಸಿದ್ದಾಯಿತು. ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತು, “ಹಾಡೋಳಾಗಿದ್ರೆ ನಾಲ್ಕು ಜನ ಚಪ್ಪಾಳೆನಾದ್ರೂ ತಟ್ಟೋರು,” ಎಂದಳು. ಓದಿಗೆ ಇನ್ನು ಐದೇ ದಿನ. ಈ ಐದು ದಿನ ಜಗಳವನ್ನೂ ಕಟ್ಟಿಡುತ್ತೇನೆ, ಗಂಟಲು ಉಳಿಯಲಿ ಎಂದು.

ಹೊಸ ಪ್ರತಿ ಬಂತು. ನೂರ ನಲವತ್ತು ಪುಟ. ನಮ್ಮ ದೇಶ, ಪಕ್ಕದ ದೇಶ — ಒಬ್ಬರನ್ನು ಕಂಡರೆ ಒಬ್ಬರಿಗಾಗದು, ಆದರೆ ಆಡುವ ಮಾತು ಒಂದೇ. ಹಾಗಾಗಿ ಈ ಪರಮಾಣು ಸುರಕ್ಷತಾ ಒಪ್ಪಂದಕ್ಕೆ ಅನುವಾದಕರು ಬೇಡ, ಓದುವವರು ಸಾಕು. ಆರು ತಿಂಗಳಿಗೊಮ್ಮೆ ಎರಡೂ ಕಡೆಯವರು ತಮ್ಮ ತಮ್ಮ ಸ್ಥಾವರಗಳ ಪಟ್ಟಿ ಕೊಡುತ್ತಾರೆ. ಅವರಲ್ಲಿ ಒಂದು ಪ್ರತಿ, ನಮ್ಮಲ್ಲಿ ಒಂದು. ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಉಸಿರಿಗೆ, ಜೊತೆಯಾಗಿ, ಗಟ್ಟಿಯಾಗಿ ಓದಬೇಕು — ಅಲ್ಪವಿರಾಮ, ಪೂರ್ಣವಿರಾಮ ಸಮೇತ. ಎರಡು ಬಾಯಿ ಒಂದಾದರೆ ಎರಡು ಪ್ರತಿ ಒಂದೇ. ಇದಕ್ಕೆ ಜೋಡಿ ಓದು ಅಂತ ಹೆಸರು. ಹನ್ನೆರಡು ವರ್ಷದಿಂದ ಈ ಕಡೆಯ ಬಾಯಿ ನಾನು.

ನೆಂಟರ ಮನೆಗೆ ಹೋದರೆ ಇದೇ ಗೋಳು. “ಏನ್ ಮಾಡ್ತಿದೀಯಮ್ಮ?” “ಓದ್ತಿದೀನಿ.” “ಅಯ್ಯೋ, ಇನ್ನೂನಾ?”

ಜನವರಿ 10

ಒಂದು ಪದ ಹಲ್ಲಿಗೆ ಸಿಕ್ಕಿಕೊಂಡಿದೆ. ಹಿಂದಿನ ಪ್ರತಿಯಲ್ಲಿ “ಇಂಧನ ತೆಗೆದು ಕೆಲಸ ನಿಲ್ಲಿಸಿದ ಸ್ಥಾವರಗಳು” ಎಂದಿತ್ತು. ಈ ಸಲ ಅಷ್ಟೂ ಹೋಗಿ ಒಂದೇ ಪದ — “ಮುಚ್ಚಿದ.” ಮುಚ್ಚಿದ ಸ್ಥಾವರಕ್ಕೆ ತಪಾಸಣೆಯವರು ಹೋಗುವ ಹಾಗಿಲ್ಲ. ಕ್ಯಾಮೆರಾ ಇಲ್ಲ, ಸೀಲ್ ಇಲ್ಲ, ಪ್ರಶ್ನೆಯೂ ಇಲ್ಲ.

ಉಪಕಾರ್ಯದರ್ಶಿಗಳ ಕೋಣೆಗೆ ಹೋದೆ. ಇವರಿಗೆ ನಾನಿಟ್ಟ ಹೆಸರು ಅಲ್ಪವಿರಾಮ. ಎರಡು ಪದಕ್ಕೊಮ್ಮೆ ನಿಲ್ಲದಿದ್ದರೆ ಅವರಿಗೆ ಮಾತೇ ಹೊರಡುವುದಿಲ್ಲ.

“ಸಾರ್, ಒಲೆ ಮೇಲಿರೋ ಪಾತ್ರೆಗೆ ತಟ್ಟೆ ಮುಚ್ಚಿದ್ರೂ ಮುಚ್ಚಿದ್ದೇ. ಒಳಗೆ ಕುದೀತಾನೇ ಇರುತ್ತೆ,” ಎಂದೆ.

“ನೋಡಿ, ಮೇಡಂ, ಅದು, ಎರಡೂ ಕಡೆ, ಒಪ್ಪಿದ ಪದ.”

“ಅಂಗಡಿ ಮುಚ್ಚೋದೂ ಮುಚ್ಚೋದೇ, ಮಾಡಿದ್ದನ್ನ ಮುಚ್ಚೋದೂ ಮುಚ್ಚೋದೇ. ಇದು ಯಾವ್ದು ಅಂತ ಬರೀಬೇಕಲ್ವಾ?”

“ಬರೀದೆ ಇರೋದಕ್ಕೇ, ಮೇಡಂ, ಒಂದು ವರ್ಷ, ಮಾತುಕತೆ, ಆಗಿದ್ದು.”

ನಗುತ್ತಲೇ ಅಂದರು. ನಾನೂ ನಕ್ಕೆ. ಬಸ್ಸು ಹತ್ತಿ ಕೂತ ಮೇಲೆ, ನಕ್ಕಿದ್ದು ಯಾಕೆ ಎಂದು ನನಗೇ ಗೊತ್ತಾಗಲಿಲ್ಲ.

ಸಂಜೆ ಪುಟ್ಟಿಯ ಫೋನು. ಏಳು ತಿಂಗಳು ತುಂಬಿತು ಅವಳಿಗೆ. ಎರಡು ಸಲ ಕೈಗೆ ಬಂದದ್ದು ಬಾಯಿಗೆ ಬಾರದೆ ಹೋಗಿದೆ, ಹಾಗಾಗಿ ನನ್ನ ತಂಗಿ ಫೋನೆತ್ತಿದರೆ ಮೊದಲು ಅವಳ ಉಸಿರು ಕೇಳುತ್ತೇನೆ, ಆಮೇಲೆ ಮಾತು. ಖುಷಿಯಾಗಿದ್ದಳು. “ಅಕ್ಕಾ, ಈ ವರ್ಷ ಚಳೀಲೂ ನದಿ ನೀರು ಬೆಚ್ಚಗಿದೆ ಕಣಕ್ಕಾ! ಬಟ್ಟೆ ಒಗೆಯೋಕೆ ಎಷ್ಟು ಸುಖ ಗೊತ್ತಾ. ಕೊಕ್ಕರೆಗಳು ಬಂದಿದ್ದು ವಾಪಸ್ಸೇ ಹೋಗಿಲ್ಲ.” ಅವಳ ಊರು ಗಡಿಯ ನದಿಯ ದಂಡೆಯ ಮೇಲಿದೆ. ಗಂಡ ಅಲ್ಲೇ ಪಂಪ್‌ಹೌಸಿನಲ್ಲಿ ಊರಿಗೆ ನೀರು ಬಿಡುವ ಕೆಲಸದಲ್ಲಿದ್ದಾನೆ.

ಜನವರಿ 14, ಸಂಜೆ

ಮೊದಲ ದಿನದ ಓದು ಮುಗಿಯಿತು. ಮೂವತ್ತನೇ ಪುಟಕ್ಕೆ ನಿಲ್ಲಿಸಿದರು.

ಸೇತುವೆಯ ನಡುವಿನ ಹಳೆಯ ಸುಂಕದ ಮನೆ. ಒಂದೇ ಕೋಣೆ, ಎರಡು ಬಾಗಿಲು, ಒಂದೊಂದು ದೇಶಕ್ಕೆ ಒಂದೊಂದು. ಒಂದು ಮೇಜು, ಎರಡು ಹೂಜಿ, ಎರಡು ಟೇಪ್ ರೆಕಾರ್ಡರು. ಮೂಲೆಯಲ್ಲಿ ನಮ್ಮ ಕಿವಿಯಪ್ಪ — ತಲೆಗೆ ಹೆಡ್‌ಫೋನು, ಕೈಯಲ್ಲಿ ನೋಟ್‌ಬುಕ್ಕು. ಕೆಮ್ಮಿದರೂ ಬರೆದುಕೊಳ್ಳುತ್ತಾನೆ ಪುಣ್ಯಾತ್ಮ: “ಕೆಮ್ಮು, ಪುಟ 9.” ಆ ಕಡೆಯ ಮೂಲೆಯಲ್ಲಿ ಅವರ ಕಿವಿಯಪ್ಪ. ಬಾಗಿಲು ದಾಟಿ ಒಳಗೆ ಬಂದಲ್ಲಿಂದ ಹೊರಗೆ ಹೋಗುವವರೆಗೆ ಪ್ರತಿಯಲ್ಲಿ ಇಲ್ಲದ ಒಂದು ಪದವೂ ಬಾಯಿಂದ ಬರಕೂಡದು. ನಮಸ್ಕಾರ ಕೂಡ ಇಲ್ಲ.

ಎದುರಿನಾಕೆಯ ಹೆಸರು ಗೊತ್ತಿಲ್ಲ, ಹನ್ನೆರಡು ವರ್ಷವಾಯಿತು. ಮದುವೆಯಾಗಿದೆಯೋ, ಮಕ್ಕಳಿವೆಯೋ, ಏನೂ ತಿಳಿಯದು. ಆದರೆ ಎಷ್ಟನೇ ಪದಕ್ಕೆ ಉಗುಳು ನುಂಗುತ್ತಾಳೆ ಗೊತ್ತು. ಮುಂದಿನ ಹಲ್ಲು ಮೂಲೆಯಲ್ಲಿ ಮುರಿದಿದೆ, ‘ಸ’ ಬಂದಾಗಲೆಲ್ಲ ಸಣ್ಣದೊಂದು ಸೀಟಿ. ಮೂರು ವರ್ಷದ ಹಿಂದೆ ಒಂದು ಓದಿನಲ್ಲಿ ಪೂರಾ ಧ್ವನಿ ಒದ್ದೆಯಾಗಿತ್ತು, ಮನೆಯಲ್ಲಿ ಯಾರೋ ಹೋಗಿರಬೇಕು. ನಾನು ವೇಗ ಕಡಿಮೆ ಮಾಡಿದೆ. ಅಷ್ಟೇ ನನ್ನ ಕೈಲಾಗಿದ್ದು. ಮಾರನೆಯ ದಿನ ಅವಳು ನನ್ನ ಹೂಜಿಯನ್ನು ನನ್ನ ಕಡೆಗೆ ಒಂದಿಷ್ಟು ಸರಿಸಿಟ್ಟಿದ್ದಳು.

ನನಗೆ ಶೀತದ ಲಕ್ಷಣ ಇದೆ. ಸುಡುಗಾಡು ಗಾಳಿ ಈ ಸೇತುವೆಯದು.

ಜನವರಿ 15, ಸಂಜೆ 6

ಬರೆದುಬಿಡುತ್ತೇನೆ.

ಪುಟ 31. ಅವರ ದೇಶದ ಪಟ್ಟಿ, ಮುಚ್ಚಿದ ಸ್ಥಾವರಗಳು. ನಾಲ್ಕನೆಯದು. “ಮೇಲ್ದಂಡೆ ಸ್ಥಾವರ, ಹತ್ತಿರದ ಜನವಸತಿ ನದಿಯ ಕೆಳದಂಡೆಯ ಪಟ್ಟಣ, ಹನ್ನೊಂದು ಕಿಲೋಮೀಟರ್, ಮುಚ್ಚಿದೆ.” ಆ ಪಟ್ಟಣ ಪುಟ್ಟಿಯ ಊರು. ಹಿಂದೆಯೂ ಓದಿದ್ದೇನೆ, ಏನೂ ಅನ್ನಿಸಿರಲಿಲ್ಲ.

ನಾನು “ಮುಚ್ಚಿದೆ” ಎಂದೆ. ಅವಳು “ಮುಚ್ಚಿಲ್ಲ” ಎಂದಳು.

ಒಟ್ಟಿಗೇ ಅಂದದ್ದು. ಮೊದಲ ಎರಡು ಅಕ್ಷರ ಒಂದೇ, ಕೊನೆಯದು ಮಾತ್ರ ಬೇರೆ. ಎರಡು ಧ್ವನಿ ಕಲಸಿದಾಗ ಹೊರಗಿನ ಕಿವಿಗೆ ಸಿಕ್ಕುವುದಿಲ್ಲ. ಜೊತೆಗೆ ಓದುವವಳಿಗೆ ಸಿಕ್ಕುತ್ತದೆ, ಮೆಟ್ಟಿಲು ಇದೆ ಎಂದು ಕಾಲಿಟ್ಟಾಗ ಇಲ್ಲದ ಹಾಗೆ. ಕೆಮ್ಮು ಬಂತು. ಕಿವಿಯಪ್ಪ ಬರೆದುಕೊಂಡ.

ವ್ಯತ್ಯಾಸ ಕೇಳಿದ ಕೂಡಲೇ ಪೆನ್ಸಿಲಿನಿಂದ ಮೇಜು ತಟ್ಟಬೇಕು. ಅದಕ್ಕೇ ನನಗೆ ಸಂಬಳ. ಪೆನ್ಸಿಲ್ ಬೆರಳಲ್ಲೇ ಇತ್ತು. ತಟ್ಟಲಿಲ್ಲ. ಐದನೆಯದಕ್ಕೆ ಹೋದೆವು. ಅವಳ ಧ್ವನಿ ಎಂದಿನ ಹಾಗೆ, ಸೀಟಿ ಎಂದಿನ ಹಾಗೆ.

ಜನವರಿ 16

ಕೊನೆಯ ದಿನ. ಒಂದೂ ತಪ್ಪಿಲ್ಲದೆ ಓದಿದಳು. ಎದ್ದು ಹೋಗುವಾಗ ತನ್ನ ಬಾಗಿಲ ಬಳಿ ನಿಂತು ತಿರುಗಿದಳು. ಹನ್ನೆರಡು ವರ್ಷದಲ್ಲಿ ಎಂದೂ ತಿರುಗಿದವಳಲ್ಲ. ಯಾಕೆ ತಟ್ಟಲಿಲ್ಲ ಎಂದು ಕೇಳಿದ ಹಾಗಿತ್ತು. ಅಥವಾ, ಕೇಳಿಸಿತಲ್ಲ, ಸಾಕು ಎಂದ ಹಾಗೆ. ಎರಡರಲ್ಲಿ ಯಾವುದೋ.

ಜನವರಿ 19

ಮೂರು ದಿನದಿಂದ ನನಗೆ ನಾನೇ ಬೈದುಕೊಳ್ಳುತ್ತಿದ್ದೇನೆ. ತಟ್ಟಿದ್ದರೆ ಅವಳನ್ನು ಅಲ್ಲೇ ಹಿಡಿಯುತ್ತಿದ್ದರು. ತಟ್ಟದಿದ್ದರೆ ಪುಟ್ಟಿಯ ಗತಿ? ನೆರೆದೇಶದ ಹೆಂಗಸೊಬ್ಬಳು ತಲೆ ಒತ್ತೆಯಿಟ್ಟು ಒಂದು ಪದ ಹೇಳಿದರೆ, ನಾನು ಕೆಮ್ಮಿ ಕೂತೆ. ಥೂ.

ಪುಟ್ಟಿಗೆ ಫೋನು ಮಾಡಿ ಸುತ್ತಿ ಬಳಸಿ ಕೇಳಿದೆ. ನೀರು ಈಗಲೂ ಬೆಚ್ಚಗಿದೆಯಂತೆ. “ನಮ್ಮೋರು ಪಂಪ್‌ಹೌಸ್ ಸಾಹೇಬರಿಗೆ ಹೇಳಿದ್ರಂತೆ, ನೀರಿನ ಶಾಖ ಹೀಗೇರ್ತಿದೆ ಸಾರ್ ಅಂತ. ಅವ್ರು ಏನ್ ಮಾಡಿದ್ರು ಗೊತ್ತಾ ಅಕ್ಕಾ? ಥರ್ಮಾಮೀಟರ್ ಬದಲಾಯಿಸಿದ್ರು!” ಎಂದು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಕೆಲಸ ನಿಲ್ಲಿಸಿದ ಸ್ಥಾವರ ನದಿಯನ್ನು ಬಿಸಿ ಮಾಡುವುದಿಲ್ಲ, ಇದಕ್ಕೆ ವಿಜ್ಞಾನಿ ಆಗಬೇಕಾಗಿಲ್ಲ. ಅದರ ಒಳಗೆ ಏನೇನು ಸೋರುತ್ತಿದೆಯೋ ಯಾರು ಕಂಡರು? ನೋಡಲು ಹೋಗುವವರೇ ಇಲ್ಲವಲ್ಲ.

ಅವಳು ಅದೇ ನೀರು ಕುಡಿಯುತ್ತಾಳೆ.

ಜನವರಿ 21

ವ್ಯತ್ಯಾಸ ಪತ್ರ ಬರೆದು ಅಲ್ಪವಿರಾಮರ ಕೈಗೆ ಕೊಟ್ಟೆ. ಪುಟ 31, ಸಾಲು 4, ಪದ ಕೊನೆಯದು. ಆಕೆಗೆ ಕೇಡಾಗದಿರಲಿ ಎಂದು “ಓದುವಾಗ ಬಾಯಿ ತಪ್ಪಿರಬಹುದು, ಸ್ಥಳ ಪರಿಶೀಲನೆ ಆಗಲಿ” ಎಂದಷ್ಟೇ ಬರೆದೆ. ನೀರಿನ ವಿಷಯ ಬಾಯಲ್ಲಿ ಹೇಳಿದೆ. ಪುಟ್ಟಿಯ ವಿಷಯವನ್ನೂ.

ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ ಅವರು, ಅದೇ ನನ್ನ ಸಂಕಟ.

“ಮೇಡಂ, ಅವರ, ನಾಲ್ಕನೇದನ್ನ, ನಾವು ಕೆದಕಿದ್ರೆ, ನಮ್ಮ, ಎರಡನೇದನ್ನ, ಅವರು ಕೆದಕ್ತಾರೆ.”

“ನಮ್ಮ ಎರಡನೇದೂ ಹಾಗೇನಾ ಸಾರ್?”

“ಟೇಪ್, ಕೇಳೋಣ,” ಎಂದರು.

ಜನವರಿ 24

ಕೇಳಿದೆವು. ಅವರ ಕೋಣೆ, ಬಾಗಿಲು ಹಾಕಿಕೊಂಡು, ನಾನು, ಅವರು, ಕಿವಿಯಪ್ಪ.

ನಾಲ್ಕನೆಯದು ಬಂತು. ಇಬ್ಬರೂ “ಮುಚ್ಚಿದೆ.” ಗಾಜಿನಷ್ಟು ಸ್ಪಷ್ಟ. ಐದನೆಯದು. ಮತ್ತೆ ಹಿಂದೆ ಓಡಿಸಿದರು. “ಮುಚ್ಚಿದೆ.” ಮತ್ತೆ. “ಮುಚ್ಚಿದೆ.”

“ಸಮಾಧಾನ, ಆಯ್ತಾ?”

ನನ್ನ ಕಿವಿಯೇ ಕೈಕೊಟ್ಟಿತೇನೋ ಎಂದು ಎದ್ದೆ. ಬಾಗಿಲಿಗೆ ಬಂದಾಗ ಹೊಳೆಯಿತು. ಕೆಮ್ಮು ಎಲ್ಲಿ? “ನೋಟ್‌ಬುಕ್ ತೆಗೀರಿ,” ಎಂದೆ ಕಿವಿಯಪ್ಪನಿಗೆ. ತೆಗೆದ. ಅವನದೇ ಅಕ್ಷರ: “ಕೆಮ್ಮು, ಪುಟ 31, ಸಾಲು 4.” ಟೇಪಿನಲ್ಲಿ ಕೆಮ್ಮಿಲ್ಲ. ನನ್ನ ಧ್ವನಿ ನಾಲ್ಕರಿಂದ ಐದಕ್ಕೆ ನೀರು ಹರಿದ ಹಾಗೆ ಹೋಗುತ್ತದೆ.

ಕಿವಿಯಪ್ಪ ನೋಟ್‌ಬುಕ್ಕನ್ನೇ ನೋಡುತ್ತ ನಿಂತ. ಅಲ್ಪವಿರಾಮ ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು ಮುಚ್ಚಿದರು.

ಅಲ್ಲಿ ಓದಿದ್ದು ನನ್ನದೇ ಧ್ವನಿ. ನಾನು ಓದಿದ್ದಲ್ಲ. ಇದನ್ನು ಯಾರ ಹತ್ತಿರ ಹೇಳಿದರೂ ಒಂದು ಲೋಟ ನೀರು ಕೊಟ್ಟು ಕೂರಿಸುತ್ತಾರೆ.

ಜನವರಿ 25

ಪುಟ್ಟಿಯನ್ನು ಇಲ್ಲಿಗೆ ಕರೆಸುವುದೇ ಸರಿ. ಫೋನು ಮಾಡಿದೆ. ಕಾರಣ ಹೇಳುವ ಹಾಗಿಲ್ಲ, ಇಲಾಖೆಯ ಫೋನು, ಊರಿನ ಎಕ್ಸ್‌ಚೇಂಜು, ಎಲ್ಲಕ್ಕೂ ಕಿವಿ ಇದೆ. “ಹೆರಿಗೆಗೆ ಇಲ್ಲಿಗೇ ಬಾ,” ಎಂದೆ.

“ಡಾಕ್ಟ್ರು ಬಸ್ ಪ್ರಯಾಣ ಬೇಡ ಅಂದಿದಾರಕ್ಕಾ.”

“ನಿನ್ನ ಡಾಕ್ಟ್ರಿಗಿಂತ ನಾನು ದೊಡ್ಡೋಳು. ಬಾ ಅಂದ್ರೆ ಬಾ.”

“ಇದೇನ್ ಯಜಮಾನಿಕೆ!” ಎಂದು ರೇಗಿದಳು. ಆಮೇಲೆ ನನ್ನ ಧ್ವನಿಯಲ್ಲಿ ಏನು ಕಂಡಳೋ, ಮೆತ್ತಗಾದಳು. “ಅಕ್ಕಾ, ನಿನ್ ದನಿ ನಡುಗ್ತಿದೆ. ಬರ್ತೀನಿ ಬಿಡು. ಫೆಬ್ರವರಿ ಹತ್ತಕ್ಕೆ. ಸಣ್ಣ ಬಟ್ಟೆ ಹೊಲಿಯೋದು ಮುಗೀಲಿ.” ಅವಳು ಹೀಗೆಯೇ. ಮಾತು ನಂಬುವುದಿಲ್ಲ, ದನಿ ನಂಬುತ್ತಾಳೆ.

ಇನ್ನೂ ಬೇಗ ಬಾ ಎನ್ನಬೇಕಿತ್ತು. ಯಾಕೆ ಎಂದು ಕೇಳಿದ್ದರೆ?

ಫೆಬ್ರವರಿ 6, ಸಂಜೆ

ಪುಟ 31 ಹೊಸದಾಗಿ ಟೈಪಾಗಿದೆಯಂತೆ, ಅದೊಂದೇ ಪುಟದ ಮರುಓದು ಎಂದು ನಿನ್ನೆ ಸಂಜೆ ಹೇಳಿಕಳಿಸಿದರು. ಓಡಿದೆ. ಆಕೆಯನ್ನು ಒಂದು ಸಲ ನೋಡಿದರೆ ಸಾಕಿತ್ತು.

ಹೊಸ ಪುಟದಲ್ಲಿ “ಹತ್ತಿರದ ಜನವಸತಿ” ಎಂಬ ಅಂಕಣವೇ ಇಲ್ಲ. ಪುಟ್ಟಿಯ ಊರು ಕಾಗದದಿಂದ ಹೋಗಿದೆ.

ಎದುರಿನ ಬಾಗಿಲು ತೆರೆಯಿತು. ಬಂದು ಕೂತಳು. ಅದೇ ಬೂದು ಕೋಟು, ಅದೇ ಕನ್ನಡಕ, ಅದೇ ರೀತಿ ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುವುವುದು. ಮುಖ ಬೇರೆ.

ಬೇರೆ. ನಾನು ಹನ್ನೆರಡು ವರ್ಷ ನೋಡಿದ ಮುಖ ಅಲ್ಲ. ಇವಳು ಚಿಕ್ಕವಳು, ಹಣೆ ಅಗಲ, ಹಲ್ಲು ಮುತ್ತು ಪೋಣಿಸಿದ ಹಾಗೆ ಪೂರ್ತಿ ಇವೆ. ಓದಲು ಶುರು ಮಾಡಿದೆವು. ಮೊದಲ ‘ಸ’ ಬಂತು. ಸೀಟಿ.

ಮುರಿಯದ ಹಲ್ಲಿನಿಂದ ಆ ಸೀಟಿ ಎಲ್ಲಿಂದ ಬರಬೇಕು? ಧ್ವನಿ ಅವಳದೇ. ಉಗುಳು ನುಂಗುವುದೂ ಅದೇ ಪದಕ್ಕೆ.

ಈ ಸಲ ಪೆನ್ಸಿಲ್ ತಟ್ಟಿದೆ. ಎರಡೂ ಟೇಪು ನಿಂತವು. ಫಾರಂ ಕೊಟ್ಟರು. ಪುಟ, ಸಾಲು, ಪದ — ಮೂರೇ ಅಂಕಣ. ಓದುವವಳೇ ಬೇರೆ ಎಂದು ಬರೆಯಲು ಜಾಗವಿಲ್ಲ. ನಮ್ಮವರ ಮುಖ ನೋಡಿದೆ, ಅವರ ಕಡೆಯವರ ಮುಖ ನೋಡಿದೆ. ಯಾರ ಮುಖದಲ್ಲೂ ಏನೂ ಇಲ್ಲ. ಅವಳು ತಲೆ ಓರೆ ಮಾಡಿ, ಪಾಪ ಎನ್ನುವ ಹಾಗೆ ನನ್ನನ್ನು ನೋಡಿದಳು. ಖಾಲಿ ಫಾರಂಗೆ ಸಹಿ ಹಾಕಿ ಓದು ಮುಗಿಸಿದೆ.

ಕಾರಿನಲ್ಲಿ ಅಲ್ಪವಿರಾಮರನ್ನು ಕೇಳಿದೆ. “ಸಾರ್, ಎದುರಿಗೆ ಕೂತಿದ್ದು ಯಾರು?”

“ಯಾವಾಗಲೂ, ಬರೋರೇ, ಅಲ್ವಾ, ಮೇಡಂ?”

“ಕಿವಿಯಪ್ಪ, ನೀವ್ ಹೇಳಿ.” ಅವನನ್ನು ಅವನ ಮುಂದೆಯೇ ಆ ಹೆಸರಿಂದ ಕರೆದುಬಿಟ್ಟೆ. ಅವನಿಗೆ ಅದೂ ತಾಗಲಿಲ್ಲ. ಕಿಟಕಿಯಾಚೆ ನೋಡುತ್ತ, “ನಾನು ಕೇಳೋದಷ್ಟೇ ಮೇಡಂ, ನೋಡಲ್ಲ,” ಎಂದ.

ಅವಳನ್ನು ಏನು ಮಾಡಿದರು? ಒಂದು ಪದಕ್ಕೆ. ಒಂದೇ ಒಂದು ಅಕ್ಷರಕ್ಕೆ.

ಫೆಬ್ರವರಿ 8

ಧ್ವನಿ ಹೋಯಿತು. ಬೆಳಿಗ್ಗೆ ಎದ್ದು “ಅಮ್ಮಾ” ಎಂದರೆ ಬರೀ ಗಾಳಿ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಊದಿಕೊಂಡಿದೆ, ಎರಡು ವಾರ ಪಿಟಕ್ಕೆನ್ನಬೇಡಿ ಎಂದರು. ಕೆಮ್ಮನ್ನು ನಿರ್ಲಕ್ಷ್ಯ ಮಾಡಿದ್ದರ ಫಲ. ಇನ್ನು ಈ ಡೈರಿಯೇ ನನ್ನ ಬಾಯಿ. ಅಮ್ಮನಿಗೂ ಇದರ ಹಿಂದಿನ ಹಾಳೆ ಹರಿದು ಬರೆದು ತೋರಿಸುತ್ತಿದ್ದೇನೆ. “ಅಬ್ಬಾ, ಮನೆ ಎಷ್ಟು ತಣ್ಣಗಿದೆ!” ಎಂದು ಗೇಲಿ ಮಾಡಿದಳು.

ಮಧ್ಯಾಹ್ನ ಇಲಾಖೆಗೆ ಹೋಗಿ ರಜೆ ಚೀಟಿ ಕೊಟ್ಟೆ. ಹನ್ನೆರಡನೇ ತಾರೀಕು ಸಹಿಯ ಸಮಾರಂಭ. ಅಲ್ಲಿ ಇಬ್ಬರೂ ಮೊದಲ ಪುಟ, ಕೊನೆಯ ಪುಟ ಓದಬೇಕು, ರೇಡಿಯೋದಲ್ಲಿ ಬರುತ್ತದೆ. ಚೀಟಿಯ ಕೆಳಗೆ ಬರೆದೆ: “ಯಾರು ಓದುತ್ತಾರೆ?”

ಅಲ್ಪವಿರಾಮ ಓದಿದರು. ತಲೆ ಎತ್ತಿದರು.

“ನೀವೇ ಓದ್ತೀರಿ ಮೇಡಂ,” ಎಂದರು. ನಡುವೆ ಎಲ್ಲೂ ನಿಲ್ಲಲಿಲ್ಲ.

ಫೆಬ್ರವರಿ 10, ಮಧ್ಯಾಹ್ನ

ಹನ್ನೊಂದರ ಬಸ್ಸಿಗೆ ನಿಲ್ದಾಣಕ್ಕೆ ಹೋದೆ. ಇಳಿಯಲಿಲ್ಲ. ಒಂದರ ಬಸ್ಸು. ಇಲ್ಲ. ಎಲ್ಲರೂ ಇಳಿದ ಮೇಲೆ ಹತ್ತಿ ಸೀಟು ಸೀಟು ನೋಡಿದೆ. ಕಂಡಕ್ಟರ್, “ಏನ್ ಕಳ್ಕೊಂಡ್ರಿ ಅಕ್ಕಾವ್ರೇ?” ಎಂದ. ಬಾಯಿ ತೆರೆದೆ, ಗಾಳಿ.

ಮನೆಗೆ ಓಡಿ ಬಂದು ಅಮ್ಮನ ಕೈಲಿ ಫೋನು ಮಾಡಿಸಿದೆ. ಅಮ್ಮ ಮಾತಾಡಿದಳು, ಹೂಂಗುಟ್ಟಿದಳು, ಇಟ್ಟಳು. ನನ್ನ ಕಡೆ ತಿರುಗಿ, “ನಿನಗೇನ್ ಬಂದಿರೋದು ಗಂಟಲಿಗೋ ತಲೆಗೋ?” ಎಂದಳು. “ನಿನ್ನೆ ನೀನೇ ಫೋನ್ ಮಾಡಿ ಬರೋದ್ ಬೇಡ, ಅಲ್ಲೇ ಇರು, ಎಲ್ಲಾ ಸರಿಹೋಯ್ತು ಅಂದ್ಯಂತೆ. ಅರ್ಧ ಗಂಟೆ ಮಾತಾಡಿದ್ಯಂತೆ. ಅವಳನ್ನ ನಗಿಸೀ ನಗಿಸೀ ಸಾಕ್ ಮಾಡಿದ್ಯಂತೆ.”

ಹಾಳೆ ಹರಿದೆ. ನನಗೆ ಧ್ವನಿಯೇ ಇಲ್ಲವಲ್ಲಮ್ಮ ಎಂದು ಬರೆದೆ.

ಅಮ್ಮ ಓದಿದಳು. “ಧ್ವನಿ ಹೋಗೋಕ್ ಮುಂಚೆ ಮಾಡಿರ್ತೀಯ. ನಿನಗೆ ನೆನಪಿಲ್ಲ.” ಅಷ್ಟು ಹೇಳಿ ಒಗೆದ ಬಟ್ಟೆ ಮಡಿಸಲು ಹೋದಳು. ನಿನ್ನೆ ಎಂದು ಈಗ ತಾನೆ ಅವಳೇ ಅಂದಿದ್ದಳು. ನಾನು ಗಾಳಿಯಾಗಿ ಇವತ್ತಿಗೆ ಮೂರು ದಿನ.

ಹನ್ನೆರಡು ವರ್ಷದ ಟೇಪು ಅವರ ಹತ್ತಿರ ಇದೆ. ನಾನು ಆ ಮೇಜಿನ ಮುಂದೆ ಓದದೆ ಉಳಿದ ಪದವೇ ಇಲ್ಲ. ಆದರೆ ನಗಿಸುವುದನ್ನು ಎಲ್ಲಿ ಕಲಿತರು? ಅಲ್ಲಿ ನಾನು ಎಂದೂ ನಕ್ಕಿಲ್ಲ.

ಫೆಬ್ರವರಿ 12, ಹನ್ನೊಂದು ಗಂಟೆ

ಅಮ್ಮ ರೇಡಿಯೋ ದೊಡ್ಡದು ಮಾಡಿದಳು. ಉಭಯ ದೇಶಗಳ ನಡುವೆ ವಿಶ್ವಾಸದ ಹೊಸ ಅಧ್ಯಾಯ, ಇತ್ಯಾದಿ. ಆಮೇಲೆ ಜೋಡಿ ಓದು.

ಸೀಟಿಯ ಧ್ವನಿ. ಅದರ ಜೊತೆಗೆ ನನ್ನದು.

ನಾನು ಅಡುಗೆಮನೆಯ ಕುರ್ಚಿಯಲ್ಲಿ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಕಷಾಯದ ಲೋಟ. ನಾನೇ ರೇಡಿಯೋದಲ್ಲಿ. ಅಮ್ಮ ಎರಡು ಕಡೆಯೂ ನೋಡಿದಳು. ಒಂದು ಗಳಿಗೆ ಅವಳ ಮುಖದಲ್ಲಿ ಹೆದರಿಕೆ ಹಾದುಹೋದದ್ದು ಕಂಡೆ, ಆಣೆ ಮಾಡಿ ಹೇಳುತ್ತೇನೆ. ಆಮೇಲೆ ಅವಳೇ ಅದನ್ನು ಒರೆಸಿಕೊಂಡಳು. “ಮೊದ್ಲೇ ರೆಕಾರ್ಡ್ ಮಾಡ್ಕೊಂಡಿರ್ತಾರೆ ಬಿಡು. ಎಷ್ಟ್ ಚೆನ್ನಾಗಿ ಬಂದಿದೆ ನೋಡು ನಿನ್ ದನಿ! ಗೊಗ್ಗರು ಇಲ್ಲ, ಏನಿಲ್ಲ.”

ಕೊನೆಯ ಪುಟದಲ್ಲಿ ಇಂದಿನ ತಾರೀಕು ಓದಿದೆ ನಾನು. ಇಂದಿನ ಹವೆಯನ್ನೂ ಓದಿದೆ — ಸಮಾರಂಭದ ಹೊತ್ತಿಗೆ ಬಿಸಿಲಿತ್ತು ಎಂದು ಸೇರಿಸುವುದು ಪದ್ಧತಿ. ಕಿಟಕಿಯಾಚೆ ಬಿಸಿಲಿತ್ತು.

ಒಪ್ಪಂದ ಇವತ್ತಿನಿಂದ ಜಾರಿ. ಮೇಲ್ದಂಡೆಗೆ ಇನ್ನು ಯಾರೂ ಹೋಗುವುದಿಲ್ಲ. ಯಾವ ಸಾಹೇಬರೂ ನನಗೆ ಬೇಡ, ಯಾವ ಪತ್ರವೂ ಬೇಡ. ಒಂದು ಹೆಣ್ಣುಮಗಳನ್ನೂ ಅವಳ ಹೊಟ್ಟೆಯಲ್ಲಿರುವುದನ್ನೂ ಆ ನೀರಿನಿಂದ ಎಬ್ಬಿಸಿಕೊಂಡು ಬಂದರೆ ಸಾಕು. ನಾಳೆ ಬೆಳಗಿನ ಬಸ್ಸು. ನಾನೇ ಹೋಗುತ್ತೇನೆ. ಮುಖ ತೋರಿಸುತ್ತೇನೆ.

ಫೆಬ್ರವರಿ 13, ಮಧ್ಯಾಹ್ನ 2, ಪುಟ್ಟಿಯ ಮನೆ

ತಲುಪಿದೆ. ನದಿಯ ಮೇಲೆ ಹಬೆ ಎದ್ದಿತ್ತು, ಮಟಮಟ ಮಧ್ಯಾಹ್ನ. ದಂಡೆಯ ಉದ್ದಕ್ಕೂ ಕೊಕ್ಕರೆಗಳು, ಒಂದೂ ಹಾರುತ್ತಿರಲಿಲ್ಲ.

ಪುಟ್ಟಿ ಬಾಗಿಲು ತೆರೆದು ಕಿರುಚಿಕೊಂಡಳು, ಖುಷಿಯಲ್ಲಿ. ಅಪ್ಪಿದಳು, ನಡುವೆ ಹೊಟ್ಟೆ ಅಡ್ಡ. “ಇದೇನಕ್ಕಾ! ಈಗ ಒಂದು ಗಂಟೆ ಮುಂಚೆ ಫೋನಲ್ಲಿದ್ದೆ, ಹಾರ್ಕೊಂಡ್ ಬಂದ್ಯಾ?”

ಕುತ್ತಿಗೆ ತೋರಿಸಿ ಕೈಯಾಡಿಸಿದೆ. ಕೂತು, ಇದೇ ಡೈರಿಯ ಹಿಂಬದಿ ತಿರುಗಿಸಿ ಎಲ್ಲ ಬರೆದೆ. ಮೇಲ್ದಂಡೆ, ಮುಚ್ಚಿಲ್ಲ, ಟೇಪು, ಫೋನು ಮಾಡುತ್ತಿರುವುದು ನಾನಲ್ಲ. ಅವಳು ನಿಂತೇ ಓದಿದಳು. ಹೊಟ್ಟೆಯ ಮೇಲೆ ಕೈ ಹೋಯಿತು.

“ಒಂದ್ಸಲ ‘ಪುಟ್ಟಿ’ ಅನ್ನಕ್ಕಾ. ಮೆಲ್ಲಗೆ. ಸಾಕು.”

ಅಂದೆ. ಉಸಿರು ಬಂತು, ದನಿ ಬರಲಿಲ್ಲ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

“ಥೇಟ್ ಅಕ್ಕನ ಹಾಗೇ...” ಎಂದು ನಿಲ್ಲಿಸಿ, ಹಣೆ ಚಚ್ಚಿಕೊಂಡಳು. “ಅಯ್ಯೋ, ಏನ್ ಮಾತಾಡ್ತಿದೀನಿ ನಾನು! ಅಕ್ಕನೇ ಅಲ್ವಾ ನೀನು. ಇರು, ಬಟ್ಟೆ ತುಂಬ್ಕೋತೀನಿ. ನಾಲ್ಕಕ್ಕೆ ಬಸ್ಸಿದೆ. ಇವರಿಗೆ ಪಂಪ್‌ಹೌಸಿಗೆ ಹೇಳಿ ಕಳಿಸೋಣ.”

ಅಬ್ಬ. ಬಸ್ಸು ಸಿಕ್ಕರೆ ಏಳಕ್ಕೆ ಮನೆ. ಅಮ್ಮನ ಪಕ್ಕ ಮಲಗಿಸುತ್ತೇನೆ, ಎರಡು ತಿಂಗಳು ಬಾಗಿಲ ಹೊರಗೆ ಬಿಡುವುದಿಲ್ಲ. ಫೋನಿನ ತಂತಿ ಕಿತ್ತು ಬಿಸಾಡುತ್ತೇನೆ.

2.40

ಒಳಗೆ ಪೆಟ್ಟಿಗೆ ತೆಗೆದ ಸದ್ದು. ಸಣ್ಣ ಸಣ್ಣ ಅಂಗಿ ಮಡಿಸುತ್ತ ಏನೋ ಗುನುಗುತ್ತಿದ್ದಾಳೆ. ಎಷ್ಟೋ ದಿನದ ಮೇಲೆ ಎದೆಯ ಮೇಲಿನ ಕಲ್ಲು ಇಳಿದ ಹಾಗಿದೆ.

ಫೋನು ಹೊಡೆದುಕೊಳ್ಳುತ್ತಿದೆ. ಒಳಕೋಣೆಯಲ್ಲಿದೆ ಅದು. ಎತ್ತಬೇಡ ಕಣೇ. ಮೇಜು ಗುದ್ದಿದೆ, ಕಾಲು ಬಡಿದೆ. ಎತ್ತಿದಳು.

“ಅಕ್ಕಾ?”

ಹೂಂ. ಹೂಂ. ಎಂಥದೋ ಕೇಳುತ್ತಿದ್ದಾಳೆ. ಒಂದು ಸಲ ನಕ್ಕಳು. ಆಮೇಲೆ ನಗಲಿಲ್ಲ.

ರಿಸೀವರ್ ಕಿವಿಗೊತ್ತಿಕೊಂಡೇ, ವೈರು ಎಳೆದಷ್ಟು ದೂರ ಬಂದು ಬಾಗಿಲ ಹತ್ತಿರ ನಿಂತಿದ್ದಾಳೆ. ಇನ್ನೊಂದು ಕೈ ಹೊಟ್ಟೆಯ ಮೇಲೆ. ನನ್ನನ್ನೇ ನೋಡುತ್ತಿದ್ದಾಳೆ, ಒಂದು ಹೆಜ್ಜೆ ಹಿಂದಕ್ಕಿಟ್ಟು, ದನಿ ತಗ್ಗಿಸಿ ಕೇಳುತ್ತಿದ್ದಾಳೆ —

“ಹಾಗಾದ್ರೆ ಇಲ್ಲಿ ಕೂತು ಬರೀತಿರೋರು ಯಾರಕ್ಕಾ?”

ಪುಟ್ಟಿ, ನಾನು ಕಣೇ. ಇಲ್ಲಿ ನೋಡು, ಇದನ್ನ ಓದು. ಅದನ್ನ ಕೆಳಗಿಟ್ಟು ಓದು. ನಾನು